ಸೋವಿ ಟೀವಿ, ತುಟ್ಟಿ ಟೀವಿ

ಮುನ್ನೂರ ನಲವತ್ತೊಂದು ಟೀವಿಗಳ ಬೆನ್ನಿಗೆ ನಾನು ಸೀಮೆಸುಣ್ಣದ ಬೊಟ್ಟು ಇಟ್ಟಿದ್ದೇನೆ. ಅವುಗಳಲ್ಲಿ ಮುನ್ನೂರ ನಲವತ್ತು ಸರಿಯಾಗಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಊರಿನ ಜನ ಉಳಿದ ಒಂದರ ಕಥೆಯನ್ನೇ ಉಪ್ಪು ಖಾರ ಹಚ್ಚಿ ಹೇಳಿಕೊಂಡು ತಿರುಗುತ್ತಾರೆ. ಅವರಿವರ ಬಾಯಿಂದ ಕೇಳುವ ಬದಲು ನನ್ನ ಬಾಯಿಂದಲೇ ಕೇಳಿದರೆ ನಿಮಗೂ ಒಳ್ಳೆಯದು, ನನಗೂ ಒಳ್ಳೆಯದು.

ನಮ್ಮ ಊರಿನಲ್ಲಿ ಪ್ರತಿ ಟೀವಿಗೂ ಒಂದು ಕುಂದು ಇರುತ್ತದೆ. ಯಾವುದೋ ಒಂದೇ ಒಂದು ಸಂಗತಿ ಅದರಲ್ಲಿ ಕಾಣುವುದಿಲ್ಲ. ಅಂಚೆ ಕಚೇರಿಯ ಹಿಂದಿನ ಮನೆಯ ಟೀವಿಯಲ್ಲಿ ಆಕಳು ಕಾಣುವುದಿಲ್ಲ. ಹಾಲು ತಾನಾಗಿಯೇ ಗಾಳಿಯಿಂದ ಚರಿಗೆಗೆ ಬಂದು ಬೀಳುತ್ತದೆ. ಕ್ಷೌರದ ಅಂಗಡಿಯ ಟೀವಿಯಲ್ಲಿ ಚೆಂಡು ಇಲ್ಲ. ಕ್ರಿಕೆಟ್ಟಿನ ದಿನ ಹನ್ನೊಂದು ಜನ ಏನೋ ನೆನಪಾದವರ ಹಾಗೆ ಒಮ್ಮೆಲೇ ಓಡುತ್ತಾರೆ, ಆಮೇಲೆ ಸುಮ್ಮನೆ ನಿಲ್ಲುತ್ತಾರೆ. ಆದರೂ ಅಂಗಡಿ ತುಂಬ ಜನ. ವಕೀಲರ ಮನೆಯ ಟೀವಿಯಲ್ಲಿ ಸಮುದ್ರ ಇಲ್ಲ. ಅವರ ಮಗಳು ಹಡಗುಗಳು ಗಾಳಿಯಲ್ಲಿ ತೇಲುತ್ತವೆ ಎಂದೇ ತಿಳಿದು ಬೆಳೆದಳು, ಪರೀಕ್ಷೆಯಲ್ಲೂ ಹಾಗೆಯೇ ಬರೆದು ಬಂದಳು. ಹೆಣ್ಣು ನೋಡಲು ಬಂದ ಬೀಗರು ಚಹಾದ ಕಪ್ಪನ್ನು ಕೆಳಗಿಡುವ ಮೊದಲೇ ಕೇಳುವ ಮಾತು ಒಂದು: "ನಿಮ್ಮ ಟೀವಿಯೊಳಗ ಏನು ಕಾಣೂದಿಲ್ರಿ?" ಉತ್ತರ ಕೇಳಿ ಎದ್ದು ಹೋದವರೂ ಇದ್ದಾರೆ.

ಅಂಗಡಿಯಲ್ಲಿ ನಿಂತಾಗ ಎಲ್ಲವೂ ಒಂದೇ. ಅದೇ ಮೂವತ್ತೆರಡು ಇಂಚು, ಅದೇ ಕರಿಯ ಅಂಚು, ಅದೇ ರಿಮೋಟು. ಬೆಲೆಯ ಚೀಟಿ ಮಾತ್ರ ಬೇರೆ ಬೇರೆ. ಕುಂದು ಸಣ್ಣದಿದ್ದರೆ ಟೀವಿ ತುಟ್ಟಿ, ಕುಂದು ದೊಡ್ಡದಿದ್ದರೆ ಟೀವಿ ಸೋವಿ. ಕುಂದು ಏನೆಂದು ಮಾರುವವರು ಹೇಳಬಾರದು, ಕೊಳ್ಳುವವರು ಕೇಳಬಾರದು. ಕೊಳ್ಳುವವರಿಗೆ ಇರುವ ಹಕ್ಕು ಒಂದೇ, ಅಂಗಡಿಯಲ್ಲಿ ಮೂರು ದಿನ ಕೂತು ನೋಡಬಹುದು. ಇನ್ನೊಂದು ಮಾತು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು: ಒಂದು ಟೀವಿಯ ಕುಂದು ಇನ್ನೊಂದಕ್ಕೆ ಇರುವುದಿಲ್ಲ.

ಮೂರು ದಿನ ಕೆಲಸ ಬಿಟ್ಟು ಕೂರುವುದು ಯಾರಿಗೆ ಸಾಧ್ಯ? ಅದಕ್ಕೇ ನಾನು ಕೂರುತ್ತೇನೆ. ನನ್ನ ಹೆಸರು ಇಂದುಮತಿ, ಊರಿಗೆಲ್ಲ ಇಂದಕ್ಕ. ಕೈಮಗ್ಗದ ಸಂಘದಲ್ಲಿ ಇಪ್ಪತ್ತೆರಡು ವರ್ಷ ಸೀರೆ ತಪಾಸಣೆ ಮಾಡಿದವಳು. ಐದೂವರೆ ಮೀಟರ್ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೆ ಬೆಳಕಿಗೆ ಹಿಡಿದ ಕೂಡಲೇ ಬೆರಳಿಟ್ಟು ತೋರಿಸುತ್ತಿದ್ದೆ. ಇರುವುದನ್ನು ಯಾರು ಬೇಕಾದರೂ ನೋಡುತ್ತಾರೆ, ಇಲ್ಲದ್ದನ್ನು ನೋಡುವುದಕ್ಕೆ ಬೇರೆಯದೇ ಕಣ್ಣು ಬೇಕು. ಸಂಘ ಮುಚ್ಚಿದ ಮೇಲೆ ಆ ಕಣ್ಣನ್ನು ಟೀವಿಗೆ ತಿರುಗಿಸಿದೆ. ನನ್ನ ಪದ್ಧತಿ ಸರಳ. ಎರಡು ಟೀವಿಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಚಾನೆಲ್ ಹಚ್ಚುತ್ತೇನೆ, ಸದ್ದು ಪೂರ್ತಿ ಬಂದ್ ಮಾಡುತ್ತೇನೆ. ಕಿವಿ ತೆರೆದಿದ್ದರೆ ಕಣ್ಣು ಸೋಮಾರಿಯಾಗುತ್ತದೆ. ಎಡಕ್ಕೆ ಇದ್ದದ್ದು ಬಲಕ್ಕೆ ಇಲ್ಲವೆಂದರೆ ಕುಂದು ಸಿಕ್ಕಿತು. ಕೊಳ್ಳುವವರಿಗೆ ಆ ಕುಂದು ನಡೆಯುತ್ತದೆ ಅಂತಾದರೆ ಬೆನ್ನಿಗೆ ನನ್ನ ಸೀಮೆಸುಣ್ಣದ ಬೊಟ್ಟು ಬೀಳುತ್ತದೆ. ಬೊಟ್ಟು ಬಿದ್ದ ಟೀವಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನನ್ನ ಮಾತು ತಪ್ಪಾದರೆ ಆ ಮನೆಯ ಬಾಗಿಲಲ್ಲಿ ನಿಂತು ಓಣಿಯ ಜನರ ಎದುರಿಗೆ ನನ್ನ ಸೆರಗಿನಿಂದಲೇ ಬೊಟ್ಟು ಒರೆಸಬೇಕು. ಹಾಗೆ ಒರೆಸಿದವರನ್ನು ಆಮೇಲೆ ಯಾರೂ ಕರೆಯುವುದಿಲ್ಲ.

ನನ್ನ ಮನೆಯ ಟೀವಿಯ ಬಗ್ಗೆಯೂ ಹೇಳಬೇಕು, ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅದರಲ್ಲಿ ಮೂಗುತಿ ಕಾಣುವುದಿಲ್ಲ. ಅಷ್ಟೇ. ಇಡೀ ಊರಿನಲ್ಲಿ ಅದಕ್ಕಿಂತ ಸಣ್ಣ ಕುಂದು ಇಲ್ಲ. ಎರಡು ವರ್ಷ ಕಾದು, ಎಲ್ಲರಿಗಿಂತ ತುಟ್ಟಿ ಬೆಲೆ ಕೊಟ್ಟು ತಂದದ್ದು. ಬಂದವರಿಗೆ ಚಹಾ ಕೊಡುವ ಮೊದಲು ಟೀವಿ ಹಚ್ಚಿ ತೋರಿಸುತ್ತಿದ್ದೆ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಸಾವಂತ್ರಕ್ಕ ಮನೆಗೆ ಬಂದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವರು. ವಯಸ್ಸು ಎಪ್ಪತ್ತೆರಡು, ಮುಂಗೈ ಮಾತ್ರ ಪೈಲ್ವಾನನದು. ಮೂರು ಜನ ಹೆಂಗಸರನ್ನು ಜೊತೆಗೆ ಹಾಕಿಕೊಂಡು ದಿನಕ್ಕೆ ನಾನೂರು ರೊಟ್ಟಿ ಬಡಿಯುತ್ತಾರೆ. ಮುಖ ಸಣ್ಣದು, ಮೂಗು ಇನ್ನೂ ಸಣ್ಣದು, ಅದರ ಮೇಲೆ ಕೆಂಪು ಹರಳಿನ ಮೂಗುತಿ ಮಾತ್ರ ದೊಡ್ಡದು. ಗಂಡ ದ್ಯಾವಪ್ಪನವರು ಹತ್ತಿ ಗಿರಣಿಯ ಮೊದಲ ಪಗಾರದಲ್ಲಿ ಕೊಡಿಸಿದ್ದಂತೆ. ಯೋಚನೆಗೆ ಬಿದ್ದಾಗ ಸಾವಂತ್ರಕ್ಕ ಅದನ್ನು ತಿರುವುತ್ತ ಕೂರುತ್ತಾರೆ. ಅಂದೂ ಹಾಗೆಯೇ ಕೂತರು.

"ಇಂದವ್ವ, ನನಗೊಂದು ಟೀವಿ ಬೇಕು" ಎಂದರು.

"ಇಷ್ಟು ವರ್ಷ ಬ್ಯಾಡಾಗಿದ್ದು ಈಗ್ಯಾಕ ಸಾವಂತ್ರಕ್ಕ?"

"ನನಗಲ್ಲವಾ, ನಮ್ಮನಿಯವರಿಗೆ. ಜಿಲ್ಲಾದ ಚಾನೆಲ್ಲಿನವರು ಬರ್ತಾರಂತ. ನಾ ಬೀಸೂ ಹಾಡು ಹಾಡೂದನ್ನ ಹಿಡಕೊಂಡು ಹೋಗ್ತಾರಂತ. ಮುಂದಿನ ರವಿವಾರ ಹತ್ತು ಗಂಟೆಕ್ಕ ತೋರಸ್ತಾರಂತ."

ವಿಷಯ ಇದಿಷ್ಟೇ ಆಗಿದ್ದರೆ ಯಾವ ಟೀವಿ ಆದರೂ ನಡೆಯುತ್ತಿತ್ತು. ಆದರೆ ದ್ಯಾವಪ್ಪನವರಿಗೆ ಕಿವಿ ಕೇಳುವುದಿಲ್ಲ. ಮೂವತ್ತು ವರ್ಷದ ಹಿಂದೆಯೇ ಗಿರಣಿಯ ಯಂತ್ರಗಳು ಅವರ ಕಿವಿಯನ್ನು ತಿಂದು ಮುಗಿಸಿದ್ದವು. ಈಗ ಎರಡು ವರ್ಷದಿಂದ ಸೊಂಟದ ಮೂಳೆ ಮುರಿದು ಮಂಚ ಬಿಟ್ಟು ಏಳುವಂತಿಲ್ಲ. ಆದರೆ ಬುದ್ಧಿ ಚುರುಕು, ಕಣ್ಣು ಹದ್ದಿನದು. ಎದುರಿಗೆ ಕೂತವರ ತುಟಿ ನೋಡಿ ಮಾತು ಹಿಡಿಯುತ್ತಾರೆ, ತಿರುಗಿ ದೊಡ್ಡ ದನಿಯಲ್ಲಿ ಉತ್ತರ ಕೊಡುತ್ತಾರೆ. ಕಷ್ಟ ಏನೆಂದರೆ ಸಾವಂತ್ರಕ್ಕ ಹಾಡುವುದು ರೊಟ್ಟಿ ಬಡಿಯುವಾಗ, ರೊಟ್ಟಿ ಬಡಿಯುವಾಗ ಮುಖ ಒಲೆಯ ಕಡೆಗೆ, ಒಲೆ ಗೋಡೆಯ ಕಡೆಗೆ. ಮೂವತ್ತು ವರ್ಷದಿಂದ ದ್ಯಾವಪ್ಪನವರಿಗೆ ಹಾಡು ಅಂದರೆ ಹೆಂಡತಿಯ ಅಲುಗಾಡುವ ಬೆನ್ನು.

"ಒಂದಿನ ಅವರ ಮುಂದ ಕೂತು ಹಾಡಿದ್ರ ಆತಲ್ಲ" ಎಂದೆ.

ಸಾವಂತ್ರಕ್ಕ ಹದಿನಾರರ ಹುಡುಗಿಯ ಹಾಗೆ ಸೆರಗನ್ನು ಬಾಯಿಗೆ ಹಿಡಿದರು. "ನಗಿ ಬರ್ತದವಾ. ಎರಡು ಸಲ ಕುಂತೆ. ಅವರು ಬಾಯಿ ತಕ್ಕೊಂಡು ನನ್ನ ತುಟಿ ನೋಡೂದು ಕಂಡು ಹಾಡು ಹೊರಗ ಬರ್ಲೇ ಇಲ್ಲ. ಟೀವ್ಯಾಗಾದ್ರ ನನ್ನ ಪಾಡಿಗೆ ನಾ ಹಾಡಿರ್ತೀನಿ, ಅವರ ಪಾಡಿಗೆ ಅವರು ನೋಡ್ತಾರ. ನನ್ನ ಕಡೆ ಒಂಬತ್ತು ಸಾವಿರ ಐತಿ. ನೀ ಹೂಂ ಅಂದಿದ್ದನ್ನ ತಗೋತೀನಿ."

ಟೀವಿ ಮಾರುವುದು ಧರಣೇಂದ್ರ. ನನಗಿಂತ ಹದಿನೈದು ವರ್ಷ ಚಿಕ್ಕವನು, ಪ್ರಾಮಾಣಿಕ, ಮಾತು ಕಮ್ಮಿ. ಅವನ ಅಂಗಡಿಯ ಒಳಗೋಡೆಗೆ ಒರಗಿಸಿ ಎರಡು ಟೀವಿಗಳಿದ್ದವು. ಎರಡೂ ಒಂದೇ ಗಾಡಿಯಲ್ಲಿ ಬಂದವು, ರಟ್ಟಿನ ಡಬ್ಬಿಯ ಮೇಲಿನ ಅಂಕಿಯೂ ಒಂದರ ಹಿಂದೆ ಒಂದು. ಒಂದರ ಚೀಟಿಯಲ್ಲಿ ಹದಿನಾಲ್ಕು ಸಾವಿರ, ಇನ್ನೊಂದರಲ್ಲಿ ಒಂಬತ್ತು.

"ಅವಳಿ ಜವಳಿ ಇದ್ದಂಗ ಅದಾವು. ಬೆಲಿ ಯಾಕೋ ಬ್ಯಾರೆ?" ಎಂದೆ.

"ಬೆಲಿ ಹಂಗ ಐತ್ರಿ ಇಂದಕ್ಕಾರ. ನಾ ಏನೂ ಹೇಳಂಗಿಲ್ಲ, ನಿಮಗ ಗೊತ್ತೈತಿ."

"ಗೊತ್ತೈತಿ, ಗೊತ್ತೈತಿ. ಸ್ಟೂಲು ಹಾಕು."

ಮೂರು ದಿನ ಕೂತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಸದ್ದು ಬಂದ್ ಮಾಡಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ನನ್ನ ಹತ್ತಿರ ಒಂದು ಪಟ್ಟಿ ಇದೆ, ನೂರಾ ಎಂಬತ್ತು ಹೆಸರಿನದು: ಬೆಂಕಿ, ನಾಯಿ, ಕೊಡೆ, ಹಲ್ಲು, ಮೀಸೆ, ನಿಂಬೆಹಣ್ಣು, ರೈಲು, ಮಳೆ, ನೆರಳು. ಒಂದೊಂದಾಗಿ ಹೊಡೆದು ಹಾಕುತ್ತ ಬಂದೆ. ಎಡಕ್ಕೆ ನಾಯಿ ಬಂದರೆ ಬಲಕ್ಕೂ ನಾಯಿ. ಎಡಕ್ಕೆ ಮಳೆ ಬಂದರೆ ಬಲಕ್ಕೂ ಮಳೆ. ಎರಡನೆಯ ದಿನ ಒಂದು ಧಾರಾವಾಹಿಯಲ್ಲಿ ಮದುಮಗ ಬಂದು ಖಾಲಿ ಕುರ್ಚಿಗೆ ನಮಸ್ಕಾರ ಮಾಡಿ, ಗಾಳಿಗೆ ಸೀರೆ ಕೊಟ್ಟ. ನಾನು ಬಗ್ಗಿ ನೋಡಿದೆ. ಎಡಗಡೆಯ ಕುರ್ಚಿಯೂ ಖಾಲಿ, ಬಲಗಡೆಯ ಕುರ್ಚಿಯೂ ಖಾಲಿ. ಹಾಗಾದರೆ ತಪ್ಪು ಧಾರಾವಾಹಿ ಮಾಡಿದವರದು ಎಂದು ಮುಂದಕ್ಕೆ ಹೋದೆ. ಈಗಿನವರಿಗೆ ಎಲ್ಲದರಲ್ಲೂ ಅವಸರ.

ಮೂರನೆಯ ದಿನ ಚಾನೆಲ್ಲಿನವರು ಬಂದರು. ಬೆಳಿಗ್ಗೆ ಸಾವಂತ್ರಕ್ಕನ ಹಾಡು ಹಿಡಿದುಕೊಂಡು, ಅವರಿಂದ ನನ್ನ ವಿಷಯ ಕೇಳಿ, ಕ್ಯಾಮೆರಾ ಹೊತ್ತು ಅಂಗಡಿಗೆ ನುಗ್ಗಿದರು. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಇಲ್ಲದ್ದನ್ನು ನೋಡುವುದು ಹೇಗೆ ಎಂದು ಹತ್ತು ನಿಮಿಷ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅದನ್ನು ಶನಿವಾರ ತೋರಿಸುತ್ತೇವೆ, ಹಾಡನ್ನು ರವಿವಾರ ಎಂದರು.

ಸಂಜೆಗೆ ಪಟ್ಟಿ ಮುಗಿಯಿತು. ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಒಂದರ ಕುಂದು ಇನ್ನೊಂದಕ್ಕೆ ಇರುವುದಿಲ್ಲವೆಂದ ಮೇಲೆ ಇದರ ಅರ್ಥ ಒಂದೇ, ಎರಡರ ಕುಂದೂ ಕಣ್ಣಿಗೆ ಬೀಳದಷ್ಟು ಸಣ್ಣದು. ಮೂರು ದಿನ ನನ್ನ ಕಣ್ಣಿಗೆ ಬೀಳದ್ದು ಜನ್ಮದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಐದು ಸಾವಿರ ಸುಮ್ಮನೆ ಯಾಕೆ ಹೆಚ್ಚು ಕೊಡಬೇಕು? ಸೀಮೆಸುಣ್ಣ ತೆಗೆದು ಸೋವಿ ಟೀವಿಯ ಬೆನ್ನಿಗೆ ಬೊಟ್ಟು ಇಟ್ಟೆ.

ಧರಣೇಂದ್ರ ಕತ್ತು ಕೆರೆದುಕೊಂಡ. "ಇನ್ನೊಂದ್ಸಲ ಚಂದಂಗ ನೋಡ್ರಿ ಇಂದಕ್ಕಾರ. ಅವಸರ ಏನೈತಿ?"

"ನನಗ ಹೇಳ್ತಿ ಏನಪಾ? ಇಪ್ಪತ್ತೆರಡು ವರ್ಷ ಸೀರಿ ನೋಡಿದಾಕಿ ನಾ."

ಅವನು ಟೀವಿಯನ್ನು ಡಬ್ಬಿಗೆ ಹಾಕಿ ಕೊಟ್ಟ. ಅವನ ಧರ್ಮ ಅವನು ಪಾಲಿಸಿದ.

ಶನಿವಾರ ನನ್ನದು ಬರುವ ದಿನ ಸಾವಂತ್ರಕ್ಕ ಊಟಕ್ಕೆ ಕರೆದರು. ಒಬ್ಬಳೇ ಮನೆಯಲ್ಲಿ ಕೂತು ನನ್ನನ್ನು ನಾನೇ ನೋಡಿಕೊಂಡರೆ ಏನು ಸುಖ? ಹೊಸ ಸೀರೆ ಉಟ್ಟು ಹೋದೆ. ದ್ಯಾವಪ್ಪನವರ ಮಂಚದ ಎದುರಿನ ಗೋಡೆಗೆ ಟೀವಿ ತೂಗು ಹಾಕಿದ್ದರು. ಅವರು ಎರಡು ದಿಂಬು ಇಟ್ಟುಕೊಂಡು ರಾಜನ ಹಾಗೆ ಒರಗಿದ್ದರು. ರೊಟ್ಟಿಯ ಹೆಂಗಸರು ಮೂವರೂ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತರು.

ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಟೀವಿಯಲ್ಲಿ ಧರಣೇಂದ್ರನ ಅಂಗಡಿ ಬಂತು. ಎರಡು ಟೀವಿಗಳು ಪಕ್ಕಪಕ್ಕ. ನಡುವೆ ಸ್ಟೂಲು. ಸ್ಟೂಲಿನಿಂದ ನನ್ನ ದನಿ ಖಣಖಣ ಬರುತ್ತಿತ್ತು. ಧರಣೇಂದ್ರ ಸ್ಟೂಲಿನ ಕಡೆ ನೋಡಿ ತಲೆ ಆಡಿಸುತ್ತಿದ್ದ. ಸ್ಟೂಲಿನ ಮೇಲೆ ಯಾರೂ ಇರಲಿಲ್ಲ.

"ಇಂದವ್ವ" ಎಂದು ದ್ಯಾವಪ್ಪನವರು ಓಣಿಗೆ ಕೇಳುವ ಹಾಗೆ ಕೂಗಿದರು, "ನೀ ಎಲ್ಲಿ ಎದ್ದು ಹೋಗಿದ್ದಿ?"

ಬಾಗಿಲಲ್ಲಿದ್ದ ಒಬ್ಬಳು ಮೆಲ್ಲಗೆ ನಕ್ಕಳು. ನಾನು ತಪಾಸಣೆಯವಳು, ಮೊದಲು ಲೆಕ್ಕ ಹಾಕಿದೆ. ನನ್ನ ಹಾಗೆ ಕನ್ನಡಕ ಹಾಕಿದವರು ಕಾಣುವುದಿಲ್ಲವೇ? ಧರಣೇಂದ್ರನಿಗೂ ಕನ್ನಡಕ ಇದೆ, ಅವನು ಕಾಣುತ್ತಿದ್ದಾನೆ. ಹೆಂಗಸರು ಕಾಣುವುದಿಲ್ಲವೇ? ಅಂದು ರಿಮೋಟು ಕೊಳ್ಳಲು ಬಂದು ಸ್ಟೂಲಿನ ಹಿಂದೆ ನಿಂತಿದ್ದ ಶಾಲೆಯ ಮಾಸ್ತರರ ಹೆಂಡತಿ ಕಾಣುತ್ತಿದ್ದಾಳೆ. ನನ್ನಲ್ಲಿರುವುದು, ಅವಳಲ್ಲಿ ಇಲ್ಲದ್ದು ಏನು?

ಸಾವಂತ್ರಕ್ಕ ಟೀವಿ ನೋಡುತ್ತಿರಲಿಲ್ಲ. ನನ್ನ ತಲೆ ನೋಡುತ್ತಿದ್ದರು, ನನ್ನ ಬೈತಲೆಯ ಎರಡೂ ಬದಿಯ ಬಿಳಿಯನ್ನು. ಅವರ ಕೈ ಮೂಗುತಿಗೆ ಹೋಯಿತು.

"ಹಂಗಾದ್ರ ನಾಳೆ ನಾನೂ ಇರೂದಿಲ್ಲ" ಎಂದರು. ಕೋಪ ಇರಲಿಲ್ಲ, ಅಳು ಇರಲಿಲ್ಲ. ರೊಟ್ಟಿ ಮುಗೀತು ಎಂದು ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದರು. ಅದೇ ನನಗೆ ಚುಚ್ಚಿದ್ದು. ದ್ಯಾವಪ್ಪನವರು ಹೆಂಡತಿಯ ತುಟಿಯನ್ನೂ ನನ್ನ ಮುಖವನ್ನೂ ನೋಡಿದರು, ಆಮೇಲೆ ಒಂದು ದಿಂಬನ್ನು ತೆಗೆದು ಪಕ್ಕಕ್ಕಿಟ್ಟು ಮಲಗಿಬಿಟ್ಟರು.

ಊಟ ಮಾಡದೆ ನೇರ ಅಂಗಡಿಗೆ ಹೋದೆ. ಧರಣೇಂದ್ರ ನನ್ನ ಮುಖ ನೋಡಿದವನೇ ಎದ್ದು ನಿಂತ.

"ಅರವತ್ತು ದಾಟಿದ ಹೆಂಗಸರು" ಎಂದೆ. "ಅದೇ ಅಲ್ಲ ಕುಂದು?"

"ನಾ ಹೇಳಬಾರದ್ರಿ. ಅವ್ವ ಒಳಗ ಅದಾಳ, ಕೇಳ್ರಿ. ಆಕಿಗೆ ಹೇಳಾಕ ಅಡ್ಡಿ ಇಲ್ಲ, ಆಕಿ ಕೊಂಡಾಕಿ."

ಅವನ ತಾಯಿ ಪದ್ಮವ್ವ ಒಳಮನೆಯಲ್ಲಿ ಮೊರದ ಮುಂದೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಎಂಬತ್ತು ದಾಟಿದವರು. ತಲೆ ಎತ್ತದೆಯೇ ಹೇಳಿದರು.

"ಅದನ್ನ ಮೊದಲ ನಾನೇ ನನ್ನ ರೊಕ್ಕದಾಗ ತಗೊಂಡಿದ್ದೆ ಇಂದವ್ವ. ಎರಡು ದಿನ ಹಚ್ಚಿ ಕುಂತೆ. ಲಗ್ನ ತೋರಿಸಿದ್ರು, ಅಕ್ಕಿಕಾಳು ಹಾಕಾಕ ಒಬ್ಬಾಕಿ ಮುದುಕಿ ಇಲ್ಲ. ಸಂತಿ ತೋರಿಸಿದ್ರು, ಕಾಯಿಪಲ್ಯಾ ತಾನ ತಕ್ಕಡ್ಯಾಗ ಏರಿ ಕುಂದರ್ತದ. ನಮ್ಮ ವಾರಿಗಿ ಮುದುಕ್ಯಾರೆಲ್ಲ ಎಲ್ಲಿ ಹೋದ್ರೋ ಅಂದೆ. ತಗೊಂಡು ಹೋಗಿ ಇಡಪಾ, ನನಗ ಬ್ಯಾಡ ಅಂದೆ. ವಾಪಸ್ ಬಂದಿದ್ದಕ್ಕ ಬೆಲಿ ಇಳಿಸಿದ."

"ಮತ್ತ ಹದಿನಾಲ್ಕು ಸಾವಿರದ್ದು?"

"ಅದನ್ನ ಇನ್ನಾ ಯಾರೂ ವಾಪಸ್ ತಂದಿಲ್ಲ."

ನಾನು ಅಂಗಡಿಗೆ ಬಂದು ಆ ತುಟ್ಟಿ ಟೀವಿಯನ್ನು ಹಚ್ಚಿದೆ. ಅದೇ ಹೊತ್ತಿಗೆ ಒಂದು ಊರಿನ ನೀರಿನ ನಲ್ಲಿಯನ್ನು ತೋರಿಸುತ್ತಿದ್ದರು. ಕೊಡಗಳ ಸಾಲಿನಲ್ಲಿ ಹುಡುಗಿಯರು, ನಡುವಯಸ್ಸಿನವರು. ನಡುವೆ ನಾಲ್ಕು ಕೊಡಗಳು ಯಾರ ಸೊಂಟವೂ ಇಲ್ಲದೆ ಗಾಳಿಯಲ್ಲಿ ಹೊರಟು ಹೋದವು. ಎರಡೂ ಒಂದೇ ಕುಂದಿನವು. ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತು ಸುಳ್ಳಾಗಿತ್ತು, ಆ ಮಾತನ್ನು ನಂಬಿ ನಾನು ಕೆಟ್ಟಿದ್ದೆ. ಎರಡರಲ್ಲೂ ಇಲ್ಲದ್ದನ್ನು ಪಕ್ಕಪಕ್ಕ ಇಟ್ಟು ಜನ್ಮವಿಡೀ ನೋಡಿದರೂ ಕಾಣುವುದಿಲ್ಲ. ಅಷ್ಟೇ ಅಲ್ಲ, ನನ್ನ ನೂರಾ ಎಂಬತ್ತರ ಪಟ್ಟಿಯಲ್ಲಿ ನಿಂಬೆಹಣ್ಣು ಇತ್ತು, ಮೀಸೆ ಇತ್ತು, ನನ್ನಂಥವರ ಹೆಸರು ಇರಲಿಲ್ಲ. ಮೊನ್ನೆ ಯುಗಾದಿಗೆ ನನಗೇ ಅರವತ್ತೊಂದು ತುಂಬಿತ್ತು. ನಾಚಿಕೆಯಾಯಿತು.

ನಾಚಿಕೆಯಿಂದ ಹೊಟ್ಟೆ ತುಂಬುವುದಿಲ್ಲ, ನಾಳೆ ಹತ್ತು ಗಂಟೆಯೂ ನಿಲ್ಲುವುದಿಲ್ಲ. ಏನು ಮಾಡಬಹುದೆಂದು ನೋಡಿದೆ. ಅಂಗಡಿಯ ಬೇರೆ ಟೀವಿ ಪರೀಕ್ಷೆ ಮಾಡಲು ಮೂರು ದಿನ ಬೇಕು. ದ್ಯಾವಪ್ಪನವರನ್ನು ಎತ್ತಿಕೊಂಡು ಬೇರೆ ಮನೆಗೆ ಹೋಗುವಂತಿಲ್ಲ. ಸಾವಂತ್ರಕ್ಕನ ಪಕ್ಕದ ಮನೆಯವರು, ಪಾಪ ಒಳ್ಳೆಯ ಜನ, ನಮ್ಮದನ್ನೇ ತಗೊಂಡು ಹೋಗ್ರಿ ಎಂದರು. ಅದರಲ್ಲಿ ಕೈ ಕಾಣುವುದಿಲ್ಲ. ಕೈಯಿಲ್ಲದೆ ಬೀಸುವುದನ್ನು ನೋಡಿ ಏನು ಮಾಡುವುದು? ರವಿವಾರದ ದಿನ ಟೀವಿ ಬಿಚ್ಚಿ ಕೊಡಲು ಬೇರೆ ಯಾರೂ ಒಪ್ಪಲಿಲ್ಲ. ಉಳಿದದ್ದು ಒಂದೇ, ಇಡೀ ಊರಿನಲ್ಲಿ ಅತಿ ಸಣ್ಣ ಕುಂದಿನ ಟೀವಿ. ಅದು ನನ್ನ ಮನೆಯಲ್ಲಿತ್ತು. ಮೂಗುತಿ ಇಲ್ಲದಿದ್ದರೆ ಏನಾಯಿತು, ಮುಖ ಇರುತ್ತದಲ್ಲ, ತುಟಿ ಇರುತ್ತದಲ್ಲ ಎಂದುಕೊಂಡೆ. ಎರಡು ನಿಮಿಷ ಅದರ ಮುಂದೆ ನಿಂತು, ಧೂಳು ಒರೆಸಿ, ಕೌದಿ ಸುತ್ತಿದೆ. ಕೊಡುವಾಗ ಮನಸ್ಸಿಗೆ ಸಂಕಟ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ರವಿವಾರ ಬೆಳಿಗ್ಗೆ ಎಂಟೂವರೆಗೆ ಆಟೋದಲ್ಲಿ ಟೀವಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾವಂತ್ರಕ್ಕನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಓಣಿಯ ಎರಡೂ ಬದಿ ಜನ ನಿಂತಿದ್ದರು. ಮಾಸ್ತರರ ಹೆಂಡತಿಯೂ ಬಂದಿದ್ದಳು, ಅವಳಿಗೆ ಇಲ್ಲಿ ಕೆಲಸ ಇರಲಿಲ್ಲ. ಗೋಡೆಯ ಮೇಲಿದ್ದ ಸೋವಿ ಟೀವಿಯನ್ನು ಇಳಿಸಿ ಹೊಸ್ತಿಲ ಹೊರಗೆ ತಂದೆ, ಬೆನ್ನು ಜನರ ಕಡೆಗೆ ತಿರುಗಿಸಿದೆ.

"ಎಲ್ಲಾರೂ ಕೇಳ್ರಿ" ಎಂದೆ. "ಇದಕ್ಕ ಬೊಟ್ಟು ಇಟ್ಟಾಕಿ ನಾ. ಇದರ ಕುಂದು ನನ್ನ ಕಣ್ಣಿಗೆ ಬೀಳ್ಲಿಲ್ಲ. ತಪ್ಪು ನಂದು, ಧರಣೇಂದ್ರಂದಲ್ಲ." ಸೆರಗಿನ ತುದಿಯಿಂದ ಬೊಟ್ಟನ್ನು ಒರೆಸಿದೆ. ಒಂದೇ ಸಲಕ್ಕೆ ಹೋಗಲಿಲ್ಲ, ಎರಡನೆಯ ಸಲ ಉಗುರು ಹಾಕಿ ತಿಕ್ಕಿದೆ. ತಲೆ ತಗ್ಗಿಸುವ ಅಭ್ಯಾಸ ನನಗಿಲ್ಲ, ಅಂದೂ ತಗ್ಗಿಸಲಿಲ್ಲ.

ನನ್ನ ಟೀವಿಯನ್ನು ಗೋಡೆಗೆ ಹಾಕಿ, ತಂತಿ ಸಿಕ್ಕಿಸಿ, ಬಣ್ಣ ಸರಿ ಮಾಡಿ ಕೊಟ್ಟೆ. ದ್ಯಾವಪ್ಪನವರು ನಿನ್ನೆ ತೆಗೆದಿಟ್ಟ ದಿಂಬನ್ನು ಮತ್ತೆ ಬೆನ್ನಿಗೆ ಇಟ್ಟುಕೊಂಡರು. ಸಾವಂತ್ರಕ್ಕ ಒಳಗೆ ಹೋಗಿ ಒಲೆಯ ಮುಂದೆ ಕೂತರು. ರೊಟ್ಟಿಯ ಹೆಂಗಸರು ರಟ್ಟೆ ಹಿಡಿದು ಎಬ್ಬಿಸಿ ತಂದು ಮಂಚದ ತುದಿಯಲ್ಲಿ ಕೂರಿಸಿದರು.

ಹತ್ತಕ್ಕೆ ಬಂತು. ಮೊದಲು ಅಂಗಳ. ಆಮೇಲೆ ಬೀಸುವ ಕಲ್ಲು. ವರ್ಷಗಟ್ಟಲೆ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದನ್ನು ಚಾನೆಲ್ಲಿನವರು ಹಟ ಹಿಡಿದು ಹೊರಗೆ ತೆಗೆಸಿದ್ದರು. ಕಲ್ಲಿನ ಗೂಟ ಹಿಡಿದ ಕೈ. ಆಮೇಲೆ ಮುಖ. ಟೀವಿ ತುಂಬ ಸಾವಂತ್ರಕ್ಕನ ಮುಖ, ಕಣ್ಣು ಅರ್ಧ ಮುಚ್ಚಿ, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ಬಿಡಿಸಿಟ್ಟಂತೆ ಹಾಡುತ್ತಿತ್ತು.

ಕಲ್ಲೇ ನೀ ತಿರುಗವ್ವ, ಜೋಳಾನ ನುಂಗವ್ವ,
ಗಿರಣಿಗೆ ಹೋದ ಸರದಾರ ಬರೂದ್ರಾಗ
ರೊಟ್ಟಿ ಬೇಯಬೇಕ ಹದಿನಾರ.

ದ್ಯಾವಪ್ಪನವರ ತುಟಿಗಳು ಒಂದಕ್ಷರ ಹಿಂದೆ ಹಿಂದೆ ಅಲುಗುತ್ತಿದ್ದವು. 'ಸರದಾರ' ಬಂದಾಗ ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು, ಇದು ನನಗೇ ಹೇಳಿದ್ದೇ ಎಂದು ಕೇಳುವವರಂತೆ. ಮೂವತ್ತು ವರ್ಷದಿಂದ ಅವರ ಎದುರಿನ ಬೆನ್ನು ಏನು ಹಾಡುತ್ತಿತ್ತೆಂದು ಅವರಿಗೆ ಈಗ ತಿಳಿಯಿತು. ಕಣ್ಣಿಂದ ನೀರು ಇಳಿದು ಗಡ್ಡದೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಒಂದು ತುಟಿಯಲುಗು ತಪ್ಪೀತೆಂಬ ಹೆದರಿಕೆಯೋ ಏನೋ. ಸಾವಂತ್ರಕ್ಕ ಗೋಡೆ ನೋಡುತ್ತ ಕೂತಿದ್ದರು. ನನ್ನ ಟೀವಿ ಸಾರ್ಥಕವಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎರಡನೆಯ ನುಡಿ ಶುರುವಾಯಿತು. ಆಗ ದ್ಯಾವಪ್ಪನವರ ಹಣೆಯಲ್ಲಿ ಒಂದು ಗೆರೆ ಮೂಡಿತು. ಟೀವಿಯನ್ನು ದಿಟ್ಟಿಸಿದರು. ಕತ್ತು ಮುಂದಕ್ಕೆ ತಂದು ಮತ್ತೆ ದಿಟ್ಟಿಸಿದರು. ಈ ಟೀವಿಯ ಕುಂದನ್ನು ನಾನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಕೈ ಚಾಚಿ ಸಾವಂತ್ರಕ್ಕನ ಗಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. ಎಲ್ಲರ ಎದುರಿಗೆ. ಒಮ್ಮೆ ಟೀವಿ ನೋಡಿದರು, ಒಮ್ಮೆ ಹೆಂಡತಿಯನ್ನು ನೋಡಿದರು. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ನಾನು ಸ್ಟೂಲಿನ ಮೇಲೆ ಕೂತು ನೋಡುವಂತೆಯೇ.

ಆಮೇಲೆ ಕೆಂಪು ಹರಳಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ ಹೇಳಿದರು: "ಇಂದವ್ವ, ಅಲ್ಲಿರಾಕಿಗೆ ಮೂಗುತಿ ಇಲ್ಲ. ಇಲ್ಲಿರಾಕಿಗೆ ಐತಿ. ಆಕಿ ಸೋವಿ, ಈಕಿ ತುಟ್ಟಿ."

ನಾನು ಮೂರು ದಿನ ತೆಗೆದುಕೊಂಡಿದ್ದೆ. ಅವರಿಗೆ ಒಂದೂವರೆ ನುಡಿ ಸಾಕಾಯಿತು. ನಾನು ಟೀವಿಯ ಪಕ್ಕ ಟೀವಿ ಇಟ್ಟು ನೋಡಿದ್ದೆ.

ಸೊಂಟದ ಚೀಲದಿಂದ ಸೀಮೆಸುಣ್ಣ ತೆಗೆದೆ. ಇನ್ನು ನನಗೆ ಅದರ ಕೆಲಸ ಇರಲಿಲ್ಲ. ದ್ಯಾವಪ್ಪನವರ ಕೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಅರ್ಥವಾದವರಂತೆ ತಲೆ ಆಡಿಸಿದರು. ಸಾವಂತ್ರಕ್ಕ ಅಷ್ಟರಲ್ಲಿ ನಾಚಿ ಒಲೆಯ ಕಡೆ ಹೋಗಲು ಎದ್ದು ತಿರುಗಿದ್ದರು. ದ್ಯಾವಪ್ಪನವರು ಮಂಚದಿಂದ ಬಗ್ಗಿ, ಅವರ ಕರಿಯ ಕುಪ್ಪಸದ ಬೆನ್ನಿಗೆ ದೊಡ್ಡದೊಂದು ಬೊಟ್ಟು ಇಟ್ಟರು.

"ಹೊಸಾ ಕುಪ್ಪಸ ಐತಿ, ಬುದ್ಧಿ ಐತೇನು ನಿಮಗ" ಎಂದು ಸಾವಂತ್ರಕ್ಕ ಒಲೆಯ ಕಡೆ ಮುಖ ಮಾಡಿಯೇ ಬೈದರು. ದ್ಯಾವಪ್ಪನವರಿಗೆ ಅದು ಕೇಳಿಸಲಿಲ್ಲ.